ಭಾವ್‌ಕಾಪಿಯಿಂದ ಅಮಿಬ್ರೋಕರ್‌ಗೆ ಹಳೆಯ ಡೇಟಾ: ಇಂಪೋರ್ಟ್ ಆಗುತ್ತದೆ, ಚಾರ್ಟ್ ಮಾತ್ರ ಸರಿ ಕಾಣುತ್ತಿಲ್ಲ

ದಾವಣಗೆರೆ_ಟ್ರೇಡರ್

ಎಲ್ಲರಿಗೂ ನಮಸ್ಕಾರ. ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ದಿನಾ ಸಂಜೆ ಬಿಡುವ ಭಾವ್‌ಕಾಪಿ, ಅಂದರೆ ಆ ದಿನದ ಬೆಲೆಪಟ್ಟಿಯ ಫೈಲುಗಳನ್ನು 2004ರಿಂದ ಈಚೆಗೆ ಇಳಿಸಿಕೊಂಡು ಚಾರ್ಟ್ ಸಾಫ್ಟ್‌ವೇರ್ ಅಮಿಬ್ರೋಕರ್‌ಗೆ ಹಾಕುತ್ತಿದ್ದೇನೆ. ಒಂದು ಸರಳ ಮೊಮೆಂಟಂ ಸಿಸ್ಟಂ (ಏರುತ್ತಿರುವ ಷೇರು ಕೊಳ್ಳುವ ನಿಯಮಗಳು) ಬ್ಯಾಕ್‌ಟೆಸ್ಟ್ ಮಾಡಬೇಕು, ಅಂದರೆ ಹಳೆಯ ಬೆಲೆಗಳ ಮೇಲೆ ಪರೀಕ್ಷಿಸಬೇಕು. ದಿನದ ಕ್ಯಾಂಡಲ್ (ಒಂದು ದಿನದ ಬೆಲೆಗಳನ್ನು ತೋರಿಸುವ ಕಡ್ಡಿ) ಸಾಕು. ಎಕ್ಸೆಲ್‌ನಲ್ಲಿ ತೆರೆದು, ಬೇಡದ ಕಾಲಂ ತೆಗೆದು, ತಾರೀಖು 15-04-2019 ಥರ ಕಾಣುವಂತೆ ಮಾಡಿ, ವರ್ಷಕ್ಕೊಂದು ಸಿಎಸ್‌ವಿ ಉಳಿಸಿದೆ. ಇಂಪೋರ್ಟ್ ವಿಝಾರ್ಡ್ ಕೊನೆಯಲ್ಲಿ ಲಾಗ್ ನೋಡ್ತೀರಾ ಅಂತ ಕೇಳಿತು, ಬೇಡ ಅಂದೆ. ಡೇಟಾ ಒಳಗೆ ಬಂತು. ಈಗ ತೊಂದರೆ ಇವು:

ಕ್ಯಾಂಡಲ್‌ಗಳೆಲ್ಲ ತಿಂಗಳ ಮೊದಲ 12 ದಿನದಲ್ಲೇ ಇವೆ. 13ರ ನಂತರ ಖಾಲಿ. ಕೆಲವು ಭಾನುವಾರಕ್ಕೂ ಬಿದ್ದಿವೆ.

2024ರ ಜುಲೈ ನಂತರದ ಫೈಲಲ್ಲಿ ಕಾಲಂಗಳೇ ಬೇರೆ. ಏನೂ ತಿಳಿಯುತ್ತಿಲ್ಲ.

ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನಕ್ಕೆ ಅರ್ಧ ಆಗಿದೆ. ಸಿಸ್ಟಂ ಅಲ್ಲಿ ಸ್ಟಾಪ್‌ಲಾಸ್ (ನಷ್ಟದ ಮಿತಿ) ಹೊಡೆದು ಹೊರಬಂದಿದೆ. ಇನ್ನೂ ವಿಚಿತ್ರ ಅಂದರೆ 2011ಕ್ಕಿಂತ ಹಿಂದೆ ಆ ಚಾರ್ಟೇ ಇಲ್ಲ.

ಇಷ್ಟೆಲ್ಲ ಇದ್ದರೂ ಬ್ಯಾಕ್‌ಟೆಸ್ಟ್ ಲಾಭ ತೋರಿಸುತ್ತಿದೆ. ಅದನ್ನು ನಂಬಬೇಕಾ ಬೇಡವಾ?

ಚಾರ್ಟ್_ಚಿಕ್ಕಣ್ಣ

ನಂಬಬೇಡಿ.

ಮಲೆನಾಡು_ಕ್ಯಾಂಡಲ್

ತಾರೀಖಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಫೈಲಿನಲ್ಲಿ ದಿನ-ತಿಂಗಳು-ವರ್ಷ ಇದೆ, ವಿಝಾರ್ಡ್ ತಿಂಗಳು-ದಿನ-ವರ್ಷ ಅಂತ ಓದಿದೆ. 05-04-2019 ಅಂದರೆ ಏಪ್ರಿಲ್ 5. ಅದು ಮೇ 4ಕ್ಕೆ ಹೋಗಿ ಕೂತಿದೆ. 2019ರ ಮೇ 4 ಶನಿವಾರ. 15-04-2019 ಓದುವಾಗ 15ನೇ ತಿಂಗಳು ಅಂತ ಯಾವುದೂ ಇಲ್ಲ, ಹಾಗಾಗಿ ಆ ಸಾಲನ್ನೇ ಬಿಟ್ಟುಬಿಟ್ಟಿದೆ. ತಿಂಗಳಲ್ಲಿ 13ರಿಂದ ಆಚೆ ಖಾಲಿ ಇರುವುದು ಅದಕ್ಕೇ. ನೀವು ಬೇಡ ಅಂದ ಆ ಲಾಗ್‌ನಲ್ಲಿ ಬಿಟ್ಟ ಸಾಲುಗಳೆಲ್ಲ ಇರುತ್ತವೆ. ಇನ್ನು ಮೇಲೆ ಅದನ್ನು ತಪ್ಪದೆ ತೆರೆಯಿರಿ.

ಫಾರ್ಮ್ಯಾಟ್ ಸಾಲಿನಲ್ಲಿ ಡೇಟ್_ಡಿಎಂವೈ (ದಿನ-ತಿಂಗಳು-ವರ್ಷ) ಅಂತ ಕೊಟ್ಟರೆ ಇದು ಸರಿಹೋಗುತ್ತದೆ. ಆದರೆ ಈಗ ಇರುವ ಡೇಟಾಬೇಸ್ ಮೇಲೆಯೇ ಮತ್ತೆ ಇಂಪೋರ್ಟ್ ಮಾಡಬೇಡಿ. ತಪ್ಪು ದಿನಕ್ಕೆ ಕೂತ ಕ್ಯಾಂಡಲ್‌ಗಳು ಹಾಗೇ ಉಳಿಯುತ್ತವೆ, ಅದರಲ್ಲೂ ರಜಾದಿನಗಳ ಮೇಲೆ ಕೂತವು. ಹೊಸ ಡೇಟಾಬೇಸ್ ಮಾಡಿ, ಮೊದಲಿಂದ ಹಾಕಿ.

ಪೈಥಾನ್_ಪ್ರಿಯ

ಎಕ್ಸೆಲ್‌ನಲ್ಲಿ ತೆರೆಯುವ ಅಭ್ಯಾಸ ಬಿಟ್ಟುಬಿಡಿ ಸರ್. ನೋಡಲು ತೆರೆದರೆ ಸರಿ, ಸೇವ್ ಮಾಡಬಾರದು. ತಾರೀಖನ್ನು ತನಗೆ ತೋಚಿದ ಹಾಗೆ ಬದಲಿಸುತ್ತದೆ. ದೊಡ್ಡ ಸಂಖ್ಯೆಗಳನ್ನು ಇ-ಪ್ಲಸ್ ರೂಪಕ್ಕೆ ತರುತ್ತದೆ, ಹಾಗೇ ಸೇವ್ ಆದರೆ ಕೊನೆಯ ಅಂಕಿಗಳು ಹೋಗುತ್ತವೆ. ಪೈಥಾನ್‌ನಲ್ಲಿ ಪಾಂಡಾಸ್ ಲೈಬ್ರರಿ ಬಳಸಿ ಎಲ್ಲ ಫೈಲು ಓದಿ, ಇಕ್ಯೂ ಸೀರೀಸ್ (ಮಾಮೂಲಿ ಷೇರುಗಳ ಗುಂಪು) ಮಾತ್ರ ಉಳಿಸಿಕೊಂಡು, ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆದುಬಿಡಿ. ಆ ಕ್ರಮದಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಕಡಲತಡಿ

ಹೊಸ ಫೈಲಿನ ಬಗ್ಗೆ. 2024ರ ಜುಲೈ 8ರಿಂದ ಎನ್‌ಎಸ್‌ಇ ಭಾವ್‌ಕಾಪಿ ಯೂಡಿಫ್ ಅನ್ನುವ ರೂಪದಲ್ಲಿ ಬರುತ್ತಿದೆ. ಫೈಲ್ ಹೆಸರೂ ಬೇರೆ, ಕಾಲಂ ಕ್ರಮವೂ ಬೇರೆ.

ಹಳೆಯದರಲ್ಲಿ ಮೊದಲು ಸಿಂಬಲ್ (ಷೇರಿನ ಚಿಕ್ಕ ಹೆಸರು), ಆಮೇಲೆ ಸೀರೀಸ್, 3ರಿಂದ 6 ಓಪನ್ ಹೈ ಲೋ ಕ್ಲೋಸ್ (ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ), 7 ಲಾಸ್ಟ್, 8 ಹಿಂದಿನ ಕ್ಲೋಸ್, 9 ವಾಲ್ಯೂಮ್ (ಕೈಬದಲಾದ ಷೇರಿನ ಸಂಖ್ಯೆ), 10 ವಹಿವಾಟಿನ ಮೊತ್ತ, 11 ತಾರೀಖು.

ಹೊಸದರಲ್ಲಿ ಒಟ್ಟು 34 ಕಾಲಂ. ಫ್ಯೂಚರ್ಸ್, ಆಪ್ಷನ್ಸ್‌ಗೂ ಅದೇ ಸಾಲು ಬಳಸುವುದರಿಂದ ಎಕ್ಸ್‌ಪೈರಿ, ಸ್ಟ್ರೈಕ್ ಎಲ್ಲ ಖಾಲಿಯಾಗಿ ಮಧ್ಯೆ ಬರುತ್ತವೆ. ನಿಮಗೆ ಬೇಕಾದ್ದು: 1 ತಾರೀಖು, 8 ಸಿಂಬಲ್, 9 ಸೀರೀಸ್, 15ರಿಂದ 18 ಓಪನ್ ಹೈ ಲೋ ಕ್ಲೋಸ್, 25 ವಾಲ್ಯೂಮ್. ಅಮಿಬ್ರೋಕರ್ ಫಾರ್ಮ್ಯಾಟ್‌ನಲ್ಲಿ ತಾರೀಖು, ಆರು ಸ್ಕಿಪ್, ಟಿಕರ್ (ಅಂದರೆ ಸಿಂಬಲ್), ಆರು ಸ್ಕಿಪ್, ನಾಲ್ಕು ಬೆಲೆ, ಮತ್ತೆ ಆರು ಸ್ಕಿಪ್, ವಾಲ್ಯೂಮ್. ನೆನಪಿಡಲು ಸುಲಭ. ಇಲ್ಲಿ ತಾರೀಖು 2024-07-08 ರೀತಿ ಇರುವುದರಿಂದ ಡೇಟ್_ವೈಎಂಡಿ ಕೊಡಿ.

ಎರಡಕ್ಕೂ ಬೇರೆ ಬೇರೆ ಫಾರ್ಮ್ಯಾಟ್ ಫೈಲ್ ಮಾಡಿಕೊಳ್ಳಿ. ಮೊದಲ ಸಾಲು ಹೆಡರ್, ಅದನ್ನು ಬಿಡಲು ಸ್ಕಿಪ್‌ಲೈನ್ಸ್ 1.

ದಾವಣಗೆರೆ_ಟ್ರೇಡರ್

ಕಡಲತಡಿ ಸರ್, ತುಂಬ ಉಪಕಾರ ಆಯ್ತು. ನನ್ನ ಹತ್ತಿರ ಡೆಲಿವರಿ ಪ್ರಮಾಣ ಇರುವ ಇನ್ನೊಂದು ಭಾವ್ ಫೈಲೂ ಇದೆ. ಅದನ್ನೇ ಬಳಸಿದರೆ ಆಗಲ್ವಾ?

ಕಡಲತಡಿ

ಬಳಸಬಹುದು, ಎರಡು ವಿಷಯ ಗೊತ್ತಿದ್ದರೆ. ಅದರಲ್ಲಿ ಲಾಸ್ಟ್ ಮೊದಲು, ಕ್ಲೋಸ್ ಆಮೇಲೆ. ಹಳೆಯ ಭಾವ್‌ಕಾಪಿಯ ಕ್ರಮವನ್ನೇ ಅಂದುಕೊಂಡು ಕಾಲಂ ಕೊಟ್ಟರೆ ಕ್ಲೋಸ್ ಜಾಗಕ್ಕೆ ಲಾಸ್ಟ್ ಬಂದು ಕೂರುತ್ತದೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಚಾರ್ಟ್ ನೋಡಿದರೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಕೋಮಾ ಆದಮೇಲೆ ಒಂದು ಸ್ಪೇಸ್ ಇರುತ್ತದೆ. ಇಕ್ಯೂ ಅಂತ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿರುವುದು ಸ್ಪೇಸ್ ಮತ್ತು ಇಕ್ಯೂ. ಮೊದಲು ಸ್ಪೇಸ್ ತೆಗೆಯಿರಿ.

ಹುಬ್ಬಳ್ಳಿ_ಹೂಡಿಕೆ

ಕ್ಲೋಸ್, ಲಾಸ್ಟ್ ಎರಡೂ ಒಂದೇ ಅಲ್ಲೇನ್ರಿ?

ಮಲೆನಾಡು_ಕ್ಯಾಂಡಲ್

ಅಲ್ಲ. ಲಾಸ್ಟ್ ಅಂದರೆ ಕೊನೆಯ ವಹಿವಾಟಿನ ಬೆಲೆ. ಈ ಹಳೆಯ ಡೇಟಾದಲ್ಲಿ ಎನ್‌ಎಸ್‌ಇ ಕ್ಲೋಸ್ ಅಂದರೆ ಕೊನೆಯ ಅರ್ಧ ಗಂಟೆ, 3ರಿಂದ 3:30ರ ನಡುವೆ ಆದ ವಹಿವಾಟುಗಳ, ಷೇರಿನ ಸಂಖ್ಯೆಗೆ ತಕ್ಕ ತೂಕದ ಸರಾಸರಿ ಬೆಲೆ. ಸಿಸ್ಟಂ "ಕ್ಲೋಸ್‌ನಲ್ಲಿ ಕೊಂಡೆ" ಅಂತ ತೋರಿಸಿದರೂ ಆ ಬೆಲೆ ನಮಗೆ ಸರಿಯಾಗಿ ಸಿಗುವುದು ಕಷ್ಟ. ನಾನು ಯಾವಾಗಲೂ ಮರುದಿನದ ಓಪನ್‌ನಲ್ಲಿ ಖರೀದಿ ಅಂತಲೇ ಟೆಸ್ಟ್ ಮಾಡುತ್ತೇನೆ.

ತುಮಕೂರು_ಟಿಕ್

ಸೀರೀಸ್ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ಭಾವ್‌ಕಾಪಿಯಲ್ಲಿ ಷೇರು ಮಾತ್ರ ಇಲ್ಲ. ಸಾವರಿನ್ ಗೋಲ್ಡ್ ಬಾಂಡ್, ಸರ್ಕಾರಿ ಬಾಂಡ್, ಕಂಪನಿಗಳ ಡಿಬೆಂಚರ್, ಎಸ್‌ಎಂಇ ಷೇರು ಎಲ್ಲ ಇರುತ್ತವೆ. ಒಂದೇ ಸಿಂಬಲ್ ಎರಡು ಸೀರೀಸ್‌ನಲ್ಲೂ ಬರಬಹುದು. ಬಿಎಲ್ ಅಂದರೆ ಬ್ಲಾಕ್ ಡೀಲ್, ಒಂದೇ ಏಟಿಗೆ ಆಗುವ ದೊಡ್ಡ ವಹಿವಾಟು. ಅಮಿಬ್ರೋಕರ್ ಸೀರೀಸ್ ಕಾಲಂ ನೋಡುವುದೇ ಇಲ್ಲ. ಒಂದೇ ದಿನ ಒಂದೇ ಸಿಂಬಲ್‌ಗೆ ಎರಡು ಸಾಲು ಬಂದರೆ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ. ಇಡೀ ದಿನದ ಕ್ಯಾಂಡಲ್ ಹೋಗಿ ಒಂದು ಬ್ಲಾಕ್ ಡೀಲಿನ ಬೆಲೆ ಉಳಿಯುತ್ತದೆ. ಹಾಗಾಗಿ ಅಮಿಬ್ರೋಕರ್‌ಗೆ ಕೊಡುವ ಮೊದಲೇ ಸೋಸಿಕೊಳ್ಳಬೇಕು.

ಇಕ್ಯೂ ಮಾತ್ರ ಇಟ್ಟುಕೊಂಡರೆ ಇನ್ನೊಂದು ಸಮಸ್ಯೆ. ಟ್ರೇಡ್-ಟು-ಟ್ರೇಡ್‌ಗೆ ಹೋದ ಷೇರು ಬಿಇ ಸೀರೀಸ್‌ಗೆ ಹೋಗುತ್ತದೆ. ಅಷ್ಟು ದಿನ ಚಾರ್ಟ್‌ನಲ್ಲಿ ತೂತು. ಬಿಇ, ಬಿಝಡ್ (ಎಕ್ಸ್‌ಚೇಂಜ್ ನಿಯಮ ಪಾಲಿಸದ ಕಂಪನಿಗಳ ಸೀರೀಸ್) ಎರಡನ್ನೂ ಸೇರಿಸಿಕೊಳ್ಳಿ.

ಪೈಥಾನ್_ಪ್ರಿಯ

ಬಿಇ ಸೇರಿಸುವುದಕ್ಕೆ ನನ್ನ ವಿರೋಧ ಇದೆ. ಅಲ್ಲಿ ಇಂಟ್ರಾಡೇ ಇಲ್ಲ, ಡೆಲಿವರಿ ಕಡ್ಡಾಯ, ಎಷ್ಟೋ ಸಲ ಲೋವರ್ ಸರ್ಕ್ಯೂಟ್‌ನಲ್ಲಿ (ದಿನದ ಇಳಿಕೆಯ ಮಿತಿ ಮುಟ್ಟಿದಾಗ) ಕೊಳ್ಳುವವರೇ ಇರುವುದಿಲ್ಲ. ಬ್ಯಾಕ್‌ಟೆಸ್ಟ್ ಆರಾಮಾಗಿ ಮಾರಿದೆ ಅಂತ ತೋರಿಸುತ್ತದೆ. ನಿಜದಲ್ಲಿ ಮಾರಲು ಆಗುತ್ತಾ?

ತುಮಕೂರು_ಟಿಕ್

ಅದಕ್ಕೇ ಸೇರಿಸಬೇಕು ಅನ್ನುವುದು ನನ್ನ ವಾದ. ನೀವು ಕೊಂಡ ಷೇರು ಬಿಇಗೆ ಹೋಗಿ ದಿನಾ ಸರ್ಕ್ಯೂಟ್ ಹೊಡೆಯಿತು ಅಂದುಕೊಳ್ಳಿ. ಆ ಡೇಟಾ ತೆಗೆದುಹಾಕಿದರೆ ಆ ನಷ್ಟ ಪುಸ್ತಕಕ್ಕೇ ಬರುವುದಿಲ್ಲ. ಡೇಟಾ ಇಡಿ. ಹೈ, ಲೋ ಎರಡೂ ಒಂದೇ ಇದ್ದ ದಿನ ಮಾರಾಟ ಆಗಲಿಲ್ಲ ಅಂತ ನಿಯಮ ಬರೆಯಿರಿ.

ಪೈಥಾನ್_ಪ್ರಿಯ

ಆ ನಿಯಮ ಜೊತೆಗಿದ್ದರೆ ಒಪ್ಪಿದೆ.

ಸುಲಭ_ಸೂತ್ರ

ಇಷ್ಟೊಂದು ಒದ್ದಾಟ ಯಾಕೆ? ಪರವಾನಗಿ ಇರುವ ಡೇಟಾ ಮಾರಾಟಗಾರರು ಇದ್ದಾರೆ. ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್ ಅಂಥವರು ಅಮಿಬ್ರೋಕರ್‌ಗೇ ಪ್ಲಗಿನ್ ಕೊಡುತ್ತಾರೆ. ದುಡ್ಡು ಕೊಟ್ಟು ತಗೊಂಡು ಸಿಸ್ಟಂ ಮೇಲೆ ಗಮನ ಕೊಡಿ. ನಿಮ್ಮ ಸಮಯಕ್ಕೂ ಬೆಲೆ ಇದೆ ಅಲ್ವಾ?

ಮಲೆನಾಡು_ಕ್ಯಾಂಡಲ್

ಲೈವ್ ಡೇಟಾಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ 20 ವರ್ಷದ ಇತಿಹಾಸ, ಅದರಲ್ಲೂ ಮುಚ್ಚಿಹೋದ ಕಂಪನಿಗಳ ಸಮೇತ ಬೇಕು ಅಂದರೆ ಭಾವ್‌ಕಾಪಿಯಷ್ಟು ಒಳ್ಳೆಯದು ಸಿಗುವುದು ಕಷ್ಟ. ಆ ದಿನ ಯಾವ್ಯಾವ ಷೇರು ವಹಿವಾಟು ಆಯಿತೋ ಅಷ್ಟೂ ಅಂದಿನ ಫೈಲಿನಲ್ಲೇ ಇವೆ. ಬೇರೆಯವರು ಕೊಟ್ಟ ಡೇಟಾದಲ್ಲಿ ಏನು ಸರಿಮಾಡಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ನಾವು ಮತ್ತೆ ಕೂತು ಪರೀಕ್ಷಿಸಲೇಬೇಕು.

ಚಾರ್ಟ್_ಚಿಕ್ಕಣ್ಣ

ಟೆಲಿಗ್ರಾಂನಲ್ಲಿ ಪೆನ್‌ಡ್ರೈವ್ ಲೆಕ್ಕದಲ್ಲಿ ಡೇಟಾ ಮಾರುವವರ ಹತ್ತಿರ ಮಾತ್ರ ಹೋಗಬೇಡಿ. ಎಲ್ಲಿಂದ ತಂದರು, ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆದದ್ದು) ಸರಿಮಾಡಿದ್ದಾರಾ, ಕೇಳಿದರೆ ಉತ್ತರ ಬರುವುದಿಲ್ಲ.

ಇನ್ಫಿ_ಹಳಬ

ಇನ್ಫೋಸಿಸ್ ಬಗ್ಗೆ ನಾನು ಹೇಳುತ್ತೇನೆ, ಆ ಷೇರು ನನ್ನ ಹತ್ತಿರ ತುಂಬ ಹಿಂದಿನಿಂದ ಇದೆ.

2011ಕ್ಕೆ ಮೊದಲು ಚಾರ್ಟ್ ಇಲ್ಲದಿರುವುದಕ್ಕೆ ಕಾರಣ ಸಿಂಬಲ್ ಬದಲಾದದ್ದು. ಇನ್ಫೋಸಿಸ್ ಟೆಕ್ನಾಲಜೀಸ್ ಆಗಿದ್ದಾಗ ಇನ್ಫೋಸಿಸ್‌ಟಿಸಿಎಚ್ ಅಂತ ಇತ್ತು. 2011ರಲ್ಲಿ ಕಂಪನಿ ಹೆಸರು ಇನ್ಫೋಸಿಸ್ ಅಂತ ಆದಮೇಲೆ ಸಿಂಬಲ್ ಇನ್ಫಿ ಆಯಿತು. ನಿಮ್ಮ ಡೇಟಾಬೇಸ್‌ನಲ್ಲಿ ಹಳೆಯ ಹೆಸರಲ್ಲಿ ಇನ್ನೊಂದು ಚಾರ್ಟ್ ಇರುತ್ತದೆ, ನೋಡಿ. ಯುಟಿಐ ಬ್ಯಾಂಕ್ ಆಕ್ಸಿಸ್ ಆದದ್ದು, ಹೀರೋ ಹೋಂಡಾ ಹೀರೋ ಮೋಟೊಕಾರ್ಪ್ ಆದದ್ದು, ಈಚೆಗೆ ಝೊಮ್ಯಾಟೊ ಎಟರ್ನಲ್ ಆದದ್ದು, ಎಲ್ಲ ಇದೇ ಕಥೆ. ಸಿಂಬಲ್ ಬದಲಾವಣೆಯ ಪಟ್ಟಿ ಎನ್‌ಎಸ್‌ಇ ಸೈಟಲ್ಲೇ ಸಿಗುತ್ತದೆ.

ಇನ್ನು ಬೆಲೆ. 2018ರ ಸೆಪ್ಟೆಂಬರ್ 4 ಬೋನಸ್ಸಿನ (ಕಂಪನಿ ಪುಕ್ಕಟೆ ಕೊಡುವ ಷೇರು) ಎಕ್ಸ್-ಡೇಟ್, ಅಂದರೆ ಬೆಲೆ ಅದಕ್ಕೆ ತಕ್ಕಂತೆ ಇಳಿಯುವ ದಿನ; ಒಂದಕ್ಕೆ ಒಂದು. ಭಾವ್‌ಕಾಪಿ ಅಂದಿನ ಬೆಲೆಯನ್ನು ಮಾತ್ರ ಬರೆಯುತ್ತದೆ, ಹಿಂದಿನದನ್ನು ತಿದ್ದುವುದಿಲ್ಲ. ಸರಿಮಾಡಬೇಕು ಅಂದರೆ ಅದಕ್ಕಿಂತ ಹಿಂದಿನ ಬೆಲೆಗಳನ್ನೆಲ್ಲ 2ರಿಂದ ಭಾಗಿಸಿ, ವಾಲ್ಯೂಮನ್ನು 2ರಿಂದ ಗುಣಿಸಬೇಕು. 2014, 2015ರಲ್ಲೂ ಒಂದಕ್ಕೆ ಒಂದು. 2006ರಲ್ಲೂ ಹಾಗೇ. 2004ರಲ್ಲಿ ಒಂದಕ್ಕೆ ಮೂರು, ಅಂದರೆ 4ರಿಂದ ಭಾಗಿಸಬೇಕು. ಎಲ್ಲ ಸೇರಿದರೆ 2004ರ ಆ ಬೋನಸ್ಸಿಗಿಂತ ಹಿಂದಿನ ಬೆಲೆಯನ್ನು 64ರಿಂದ ಭಾಗಿಸಬೇಕು.

ದಾವಣಗೆರೆ_ಟ್ರೇಡರ್

64! ಸಿಂಬಲ್ ಬದಲು ಐಎಸ್‌ಐಎನ್ ನಂಬರ್ (ಪ್ರತಿ ಷೇರಿನ ಗುರುತಿನ ಸಂಖ್ಯೆ) ಹಿಡಿದು ಜೋಡಿಸಿದರೆ ಹೆಸರಿನ ತಲೆನೋವು ತಪ್ಪುತ್ತಾ?

ತುಮಕೂರು_ಟಿಕ್

ಅರ್ಧ ತಪ್ಪುತ್ತದೆ. ಹೆಸರು ಬದಲಾದರೆ ಐಎಸ್‌ಐಎನ್ ಹಾಗೇ ಇರುತ್ತದೆ. ಆದರೆ ಮುಖಬೆಲೆ ಸ್ಪ್ಲಿಟ್ ಆದರೆ ಐಎಸ್‌ಐಎನ್ ಬದಲಾಗುತ್ತದೆ. ಎಚ್‌ಡಿಎಫ್‌ಸಿ ಬ್ಯಾಂಕ್ 2019ರಲ್ಲಿ ಸ್ಪ್ಲಿಟ್ ಆದಾಗ ಹೊಸ ನಂಬರ್ ಬಂತು. ತುಂಬ ಹಳೆಯ ಫೈಲುಗಳಲ್ಲಿ ಐಎಸ್‌ಐಎನ್ ಕಾಲಂ ಕೂಡ ಇಲ್ಲ. ಎರಡನ್ನೂ ಸೇರಿಸಿ ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳುವುದೇ ದಾರಿ.

ಆಟೋ_ಅಡ್ಜಸ್ಟ್

ಕೈಯಲ್ಲಿ ಯಾಕೆ ಮಾಡಬೇಕು? ನನ್ನ ಸ್ಕ್ರಿಪ್ಟ್ ಒಂದೇ ದಿನದಲ್ಲಿ 45 ಪರ್ಸೆಂಟ್‌ಗಿಂತ ಜಾಸ್ತಿ ಬಿದ್ದ ಕಡೆಯೆಲ್ಲ ಸ್ಪ್ಲಿಟ್ ಅಂತ ಗುರುತಿಸಿ ತಾನೇ ಸರಿಮಾಡುತ್ತದೆ. ಕೆನರಾ ಬ್ಯಾಂಕ್ 2024ರ ಮೇ 15ರಂದು ಐದರಲ್ಲಿ ಒಂದಕ್ಕೆ ಇಳಿದದ್ದು, ಟಾಟಾ ಸ್ಟೀಲ್ 2022ರ ಜುಲೈನಲ್ಲಿ ಹತ್ತರಲ್ಲಿ ಒಂದಕ್ಕೆ ಇಳಿದದ್ದು, ಎಲ್ಲ ಸರಿಯಾಗಿ ಹಿಡಿದಿದೆ.

ಮಲೆನಾಡು_ಕ್ಯಾಂಡಲ್

ಈ ಸ್ಕ್ರಿಪ್ಟ್ ಅಪಾಯಕಾರಿ, ಬಿಡಿಸಿ ಹೇಳುತ್ತೇನೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಷೇರು ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿತ್ತು. 2020ರ ಮಾರ್ಚ್ 6ರಂದು ಯೆಸ್ ಬ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಬಿತ್ತು. ಎರಡೂ ನಿಜವಾದ ಕುಸಿತ. ಜನರ ದುಡ್ಡು ಹೋಯಿತು. ನಿಮ್ಮ ಸ್ಕ್ರಿಪ್ಟ್ ಅವೆರಡನ್ನೂ ಸ್ಪ್ಲಿಟ್ ಅಂದುಕೊಂಡು ಚಾರ್ಟಿನಿಂದ ಅಳಿಸಿಹಾಕುತ್ತದೆ. ಸಿಸ್ಟಂ ಪರೀಕ್ಷೆ ಆಗಬೇಕಾದ ದಿನಗಳೇ ಅವು, ಅವನ್ನೇ ತೆಗೆದಮೇಲೆ ಏನು ಬ್ಯಾಕ್‌ಟೆಸ್ಟ್?

ಇನ್ನೊಂದು ಕಡೆಯಿಂದಲೂ ತಪ್ಪುತ್ತದೆ. ಎರಡಕ್ಕೆ ಒಂದು ಬೋನಸ್ ಬಂದರೆ ಬೆಲೆ ಮೂರನೇ ಒಂದು ಭಾಗ ಮಾತ್ರ ಇಳಿಯುತ್ತದೆ. ಅದು ನಿಮ್ಮ 45ರ ಬಲೆಗೆ ಬೀಳುವುದೇ ಇಲ್ಲ.

ಆಟೋ_ಅಡ್ಜಸ್ಟ್

ಮಿತಿಯನ್ನು 30ಕ್ಕೆ ಇಳಿಸಬಹುದಲ್ಲ?

ಕಡಲತಡಿ

ಇಳಿಸಿದಷ್ಟೂ ನಿಜವಾದ ಕುಸಿತಗಳು ಇನ್ನೂ ಜಾಸ್ತಿ ಅಳಿಸಿಹೋಗುತ್ತವೆ. ಬೆಲೆ ನೋಡಿ ಊಹೆ ಮಾಡುವ ಬದಲು ಎನ್‌ಎಸ್‌ಇಯ ಕಾರ್ಪೊರೇಟ್ ಆಕ್ಷನ್ (ಬೋನಸ್, ಸ್ಪ್ಲಿಟ್ ಥರದ ಕಂಪನಿ ನಿರ್ಧಾರಗಳ) ಪಟ್ಟಿ ಇಳಿಸಿ ಎಕ್ಸ್-ಡೇಟ್ ಜೊತೆ ಹೊಂದಿಸಿ. ನಿಮ್ಮ ಸ್ಕ್ರಿಪ್ಟ್ ಬಿಸಾಡಬೇಕಾಗಿಲ್ಲ. ಅದು ಅನುಮಾನದ ಪಟ್ಟಿ ಕೊಡಲಿ, ತಿದ್ದುವುದು ಬೇಡ. ಫ್ಯೂಚರ್ಸ್ ಇಲ್ಲದ ಷೇರಿಗೆ ದಿನಕ್ಕೆ ಹೆಚ್ಚೆಂದರೆ 20 ಪರ್ಸೆಂಟ್ ಬ್ಯಾಂಡ್ (ಏರಿಳಿತದ ಮಿತಿ) ಇರುತ್ತದೆ. ಅಂಥದ್ದು 20ಕ್ಕಿಂತ ಜಾಸ್ತಿ ಬಿದ್ದಿದ್ದರೆ ಕಾರ್ಪೊರೇಟ್ ಆಕ್ಷನ್ ಇದೆಯಾ ಅಂತ ನೋಡಲೇಬೇಕು.

ಆಟೋ_ಅಡ್ಜಸ್ಟ್

ಅನುಮಾನದ ಪಟ್ಟಿ ಅನ್ನುವುದು ಒಳ್ಳೆಯ ಯೋಚನೆ. ಹಾಗೇ ಬದಲಿಸುತ್ತೇನೆ. ಡಿಮರ್ಜರ್ (ಕಂಪನಿಯ ಒಂದು ಭಾಗ ಬೇರೆ ಕಂಪನಿ ಆಗುವುದು) ಬಂದರೆ ಏನು ಮಾಡುವುದು? ಅನುಪಾತವೇ ಇರುವುದಿಲ್ಲವಲ್ಲ.

ಕಡಲತಡಿ

ರಿಲಯನ್ಸ್ ಉದಾಹರಣೆ ತಗೊಳ್ಳಿ. 2023ರ ಜುಲೈ 19ರಂದು ಎನ್‌ಎಸ್‌ಇಯಲ್ಲಿ 2841.85ಕ್ಕೆ ಮುಗಿಯಿತು. 20ರಂದು ಜಿಯೋ ಫೈನಾನ್ಶಿಯಲ್ ಬೇರೆಯಾಯಿತು. ವಿಶೇಷ ಪ್ರೀ-ಓಪನ್‌ನಲ್ಲಿ (ಮಾಮೂಲಿ ವಹಿವಾಟಿಗೆ ಮುಂಚಿನ ಅವಧಿಯಲ್ಲಿ) ರಿಲಯನ್ಸ್ ಬೆಲೆ 2580 ಅಂತ ಗೊತ್ತಾಯಿತು. ನಡುವಿನ 261.85 ಜಿಯೋದ ಬೆಲೆ. 2580 ಭಾಗಿಸು 2841.85, ಸುಮಾರು 0.908. ಹಿಂದಿನ ಬೆಲೆಗಳನ್ನೆಲ್ಲ ಅದರಿಂದ ಗುಣಿಸಿ. ಡಿಮರ್ಜರ್‌ಗೆ ವಾಲ್ಯೂಮ್ ಮುಟ್ಟಬೇಡಿ, ಷೇರಿನ ಸಂಖ್ಯೆ ಬದಲಾಗಿಲ್ಲ.

ಇನ್ಫಿ_ಹಳಬ

ಅಮಿಬ್ರೋಕರ್‌ನಲ್ಲಿ ಸಿಂಬಲ್ ಮೆನುವಿನಲ್ಲಿ ಸ್ಪ್ಲಿಟ್ ಅಂತ ಇದೆ. ಒಂದೆರಡು ಷೇರಿಗೆ ಅದು ಸಾಕು. ಆದರೆ ಅದರಲ್ಲಿ ಸರಿಮಾಡಿ ಆಮೇಲೆ ಹಳೆಯ ಕಚ್ಚಾ ಫೈಲನ್ನು ಮತ್ತೆ ಇಂಪೋರ್ಟ್ ಮಾಡಿದರೆ ಎಲ್ಲ ಮೊದಲಿನ ಹಾಗೇ ಆಗುತ್ತದೆ. ಕಚ್ಚಾ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಮುಟ್ಟದೆ ಇಡಿ, ಸರಿಮಾಡಿದ್ದನ್ನು ಬೇರೆ ಫೋಲ್ಡರಿಗೆ ಬರೆಯಿರಿ, ಅದನ್ನೇ ಇಂಪೋರ್ಟ್ ಮಾಡಿ.

ಡಲ್ಲಾಸ್_ಕನ್ನಡತಿ

ನಾನು ಯಾಹೂ ಫೈನಾನ್ಸಿನಿಂದ ತೆಗೆಯುತ್ತೇನೆ, ಸಿಂಬಲ್ ಕೊನೆಗೆ ಡಾಟ್ ಎನ್‌ಎಸ್ ಹಾಕಿ. ಇಲ್ಲಿಂದ ಕೆಲಸ ಮಾಡುವವರಿಗೆ ಒಂದು ಮಾತು. ಭಾರತದ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ಹಿಂದಿನ ದಿನದ ಸಂಜೆ 6:30. ಸ್ಕ್ರಿಪ್ಟ್ ಅದನ್ನು ಅಮೆರಿಕದ ಸಮಯಕ್ಕೆ ತಿರುಗಿಸಿ ತಾರೀಖು ಮಾತ್ರ ಉಳಿಸಿಕೊಂಡರೆ ಸೋಮವಾರದ ಕ್ಯಾಂಡಲ್ ಭಾನುವಾರಕ್ಕೆ ಹೋಗುತ್ತದೆ. ನಿಮ್ಮ ಡೇಟಾದಲ್ಲಿ ಶುಕ್ರವಾರವೇ ಇಲ್ಲ, ಭಾನುವಾರ ಮಾತ್ರ ತುಂಬಿದೆ ಅಂದರೆ ಇದೇ ಕಾರಣ. ಟೈಮ್‌ಝೋನ್ ಏಷ್ಯಾ ಕೋಲ್ಕತಾ ಅಂತ ಮೊದಲು ಹಾಕಿ, ಆಮೇಲೆ ತಾರೀಖು ತೆಗೆಯಿರಿ.

ಹುಬ್ಬಳ್ಳಿ_ಹೂಡಿಕೆ

ಶನಿವಾರ, ಭಾನುವಾರದ ಸಾಲುಗಳನ್ನೆಲ್ಲ ಅಳಿಸಿಬಿಟ್ಟರೆ ಮುಗೀತಲ್ಲ ಮೇಡಂ?

ಡಲ್ಲಾಸ್_ಕನ್ನಡತಿ

ಬೇಡ! ನಿಜವಾಗಿಯೂ ವಹಿವಾಟು ನಡೆದ ಶನಿವಾರಗಳಿವೆ. 2024ರ ಜನವರಿ 20, ಮಾರ್ಚ್ 2, ಮೇ 18. 2025ರ ಫೆಬ್ರವರಿ 1 ಬಜೆಟ್ ದಿನ. 2023ರ ದೀಪಾವಳಿ ಮುಹೂರ್ತ ಟ್ರೇಡಿಂಗ್ ಭಾನುವಾರವೇ ಬಂತು, ನವೆಂಬರ್ 12. ಅಳಿಸುವ ಮೊದಲು ಎನ್‌ಎಸ್‌ಇ ಸೂಚ್ಯಂಕ ನಿಫ್ಟಿಯ ತಾರೀಖುಗಳ ಜೊತೆ ಹೋಲಿಸಿ. ನಿಫ್ಟಿಯಲ್ಲಿ ಇದ್ದರೆ ಇಟ್ಟುಕೊಳ್ಳಿ.

ಇನ್ನೊಂದು. ಯಾಹೂವಿನ ಅಡ್ಜಸ್ಟೆಡ್ ಕ್ಲೋಸ್‌ನಲ್ಲಿ ಡಿವಿಡೆಂಡನ್ನೂ ಕಳೆದಿರುತ್ತಾರೆ. ಯಾಹೂ ಡೇಟಾ ಇಳಿಸುವ ಪೈಥಾನ್‌ನ ವೈಫೈನಾನ್ಸ್ ಲೈಬ್ರರಿಯ ಈಚಿನ ಆವೃತ್ತಿಗಳಲ್ಲಿ ಇದು ತಾನೇ ಆಗುತ್ತದೆ, ಕೇಳದೆಯೇ. ಭಾವ್‌ಕಾಪಿಯ ಬೆಲೆ ಜೊತೆ ತಾಳೆ ನೋಡಿ "ತಪ್ಪಿದೆ" ಅನ್ನುವವರು ಇದನ್ನು ಗಮನಿಸಿರುವುದಿಲ್ಲ.

ಸುಲಭ_ಸೂತ್ರ

ಡಿವಿಡೆಂಡ್ ಕಳೆಯುವುದು ಸರಿಯೇ ಅಲ್ವಾ? ಕೋಲ್ ಇಂಡಿಯಾ ಥರದ ಷೇರಲ್ಲಿ ಲಾಭದ ದೊಡ್ಡ ಪಾಲು ಡಿವಿಡೆಂಡೇ.

ಪೈಥಾನ್_ಪ್ರಿಯ

ಲಾಭದ ಲೆಕ್ಕಕ್ಕೆ ಸರಿ. ಆದರೆ ಸ್ಟಾಪ್‌ಲಾಸ್, ಬ್ರೇಕ್‌ಔಟ್ (ಬೆಲೆ ಹಿಂದಿನ ಗರಿಷ್ಠ ದಾಟುವುದು) ಥರದ ಸಿಗ್ನಲ್ಲಿಗೆ ಸ್ಪ್ಲಿಟ್ ಮತ್ತು ಬೋನಸ್ ಮಾತ್ರ ಸರಿಮಾಡಿದ ಬೆಲೆ ಬಳಸಿ, ಡಿವಿಡೆಂಡನ್ನು ಬೇರೆಯಾಗಿ ಖಾತೆಗೆ ಸೇರಿಸಿ. ಅವತ್ತು ಪರದೆಯ ಮೇಲೆ ಜನ ನೋಡಿದ ಗರಿಷ್ಠ ಬೆಲೆ ಬೇರೆ, ಡಿವಿಡೆಂಡ್ ಕಳೆದ ಚಾರ್ಟಿನ ಗರಿಷ್ಠ ಬೆಲೆ ಬೇರೆ.

ಮಲೆನಾಡು_ಕ್ಯಾಂಡಲ್

ಇದರ ಜೊತೆಗೇ ಸೇರಿದ ಇನ್ನೊಂದು ವಿಷಯ ಇದೆ, ತುಂಬ ಜನ ಗಮನಿಸುವುದಿಲ್ಲ. ದಾವಣಗೆರೆ ಸರ್, ನಿಮ್ಮ ಸಿಸ್ಟಂನಲ್ಲಿ "ಬೆಲೆ 100 ರೂಪಾಯಿಗಿಂತ ಜಾಸ್ತಿ ಇರಬೇಕು" ಅನ್ನುವಂಥ ನಿಯಮ ಇದೆಯಾ?

ದಾವಣಗೆರೆ_ಟ್ರೇಡರ್

ಇದೆ. ಪೆನ್ನಿ ಸ್ಟಾಕ್ (ತೀರ ಅಗ್ಗದ ಷೇರು) ಬರದಿರಲಿ ಅಂತ.

ಮಲೆನಾಡು_ಕ್ಯಾಂಡಲ್

ಅದನ್ನು ತೆಗೆಯಿರಿ, ಅಥವಾ ಕಚ್ಚಾ ಬೆಲೆಯ ಮೇಲೆ ಹಾಕಿ. 2004ರ ಬೋನಸ್ಸಿಗೆ ಮೊದಲು ಇನ್ಫೋಸಿಸ್ ಸಾವಿರಗಳ ಲೆಕ್ಕದಲ್ಲಿತ್ತು. 64ರಿಂದ ಭಾಗಿಸಿದ ಮೇಲೆ ನಿಮ್ಮ ಚಾರ್ಟಿನಲ್ಲಿ ಅದು 100ರ ಒಳಗೆ ಕಾಣುತ್ತದೆ. ಸಿಸ್ಟಂ ಅದನ್ನು ಪೆನ್ನಿ ಸ್ಟಾಕ್ ಅಂತ ಪಕ್ಕಕ್ಕೆ ಸರಿಸುತ್ತದೆ. ಮುಂದೆ ಬೋನಸ್ ಬರುತ್ತದೆ ಅನ್ನುವ ಮಾಹಿತಿ 2004ರಲ್ಲಿ ಯಾರಿಗೂ ಇರಲಿಲ್ಲ, ನಿಮ್ಮ ಸಿಸ್ಟಂ ಮಾತ್ರ ಅದನ್ನು ಆಧರಿಸಿ ತೀರ್ಮಾನ ಮಾಡಿತು. ಬೆಲೆಯ ಬದಲು ವಹಿವಾಟಿನ ಮೊತ್ತ ಬಳಸಿ. ಬೆಲೆ 64ರಿಂದ ಭಾಗವಾದರೆ ವಾಲ್ಯೂಮ್ 64ರಿಂದ ಗುಣವಾಗಿರುತ್ತದೆ, ಎರಡರ ಗುಣಲಬ್ಧ ಬದಲಾಗುವುದಿಲ್ಲ.

ತುಮಕೂರು_ಟಿಕ್

ಇದು ಬಹಳ ಮುಖ್ಯವಾದ ಮಾತು. ಎಲ್ಲರೂ ಒಂದು ಸಲ ತಮ್ಮ ಕೋಡ್ ತೆಗೆದು ನೋಡಿ.

ಕಡಲತಡಿ

ಸತ್ತ ಕಂಪನಿಗಳ ಬಗ್ಗೆಯೂ ಹೇಳಿಬಿಡೋಣ. ಇವತ್ತಿನ ನಿಫ್ಟಿ 50 ಪಟ್ಟಿ ತಗೊಂಡು 2008ರಿಂದ ಟೆಸ್ಟ್ ಮಾಡಿದರೆ ಲಾಭ ಬಂದೇ ಬರುತ್ತದೆ. ಗೆದ್ದವರ ಪಟ್ಟಿ ಅದು. ಆ ಕಾಲದ ನಿಫ್ಟಿಯಲ್ಲಿ ಯುನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಷನ್ಸ್, ಜೈಪ್ರಕಾಶ್ ಅಸೋಸಿಯೇಟ್ಸ್ ಇದ್ದವು. ಅವನ್ನು ಕೊಳ್ಳುವ ಅವಕಾಶ ಸಿಸ್ಟಂಗೆ ಕೊಡಲೇಬೇಕು.

ನಮ್ಮ ಕರಾವಳಿಯ ಬ್ಯಾಂಕುಗಳನ್ನೇ ನೋಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. ಮುಂದಿನ ವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಗೆ ಸೇರಿದವು. ಇವತ್ತಿನ ಪಟ್ಟಿ ಹಿಡಿದು ಡೇಟಾ ಇಳಿಸಿದರೆ ಈ ಮೂರೂ ಸಿಗುವುದಿಲ್ಲ. ಹಳೆಯ ಭಾವ್‌ಕಾಪಿಯಲ್ಲಿ ಮೂರೂ ಇವೆ.

ಉಡುಪಿ_ಉಳಿತಾಯ

ವಿಷಯಾಂತರ ಆದರೂ ಹೇಳುತ್ತೇನೆ. ನಮ್ಮ ತಂದೆಯ ಹತ್ತಿರ ಕಾರ್ಪೊರೇಷನ್ ಬ್ಯಾಂಕಿನ ಷೇರು ಇತ್ತು. 1906ರಲ್ಲಿ ನಮ್ಮ ಉಡುಪಿಯಲ್ಲೇ ಶುರುವಾದ ಬ್ಯಾಂಕ್. ಸಾವಿರ ಷೇರಿಗೆ ಯೂನಿಯನ್ ಬ್ಯಾಂಕಿನ 330 ಷೇರು ಅಂತ ಆಯಿತು. ಅವರಿಗೆ ಲೆಕ್ಕಕ್ಕಿಂತ ಹೆಸರು ಹೋದದ್ದೇ ಬೇಸರ. ಈಗಲೂ ಕಾರ್ಪೊರೇಷನ್ ಬ್ಯಾಂಕಿಗೆ ಹೋಗಿ ಬರುತ್ತೇನೆ ಅಂತಲೇ ಹೊರಡುತ್ತಾರೆ.

ಕಡಲತಡಿ

ನಮ್ಮ ಮನೆಯಲ್ಲೂ ಹಾಗೇ. ಸಿಂಡಿಕೇಟ್ ಅಂತಲೇ ಹೇಳುವುದು.

ಹುಬ್ಬಳ್ಳಿ_ಹೂಡಿಕೆ

ಕರ್ಣಾಟಕ ಬ್ಯಾಂಕ್ ಒಂದು ಇನ್ನೂ ಹಳೇ ಹೆಸರಲ್ಲೇ ಐತಿ, 1924ರಿಂದ.

ಪೈಥಾನ್_ಪ್ರಿಯ

ವಿಷಯಕ್ಕೆ ವಾಪಸ್ ಬರೋಣ. ವಿಲೀನ ಆದ ಷೇರು ಸಿಸ್ಟಂ ಕೈಯಲ್ಲಿದ್ದರೆ ಏನು ಮಾಡಿಸುತ್ತೀರಿ? ಕೊನೆಯ ಕ್ಲೋಸ್‌ಗೆ ಮಾರಿಸುತ್ತೀರಾ?

ತುಮಕೂರು_ಟಿಕ್

ವಿಲೀನಕ್ಕೆ ಹಾಗೇ ಮಾಡುತ್ತೇನೆ. ಕೊನೆಯ ಬೆಲೆ ಷೇರು ವಿನಿಮಯದ ಅನುಪಾತಕ್ಕೆ ಹತ್ತಿರವೇ ಇರುತ್ತದೆ. ಮುಚ್ಚಿಹೋದ ಕಂಪನಿಗೆ ಮಾತ್ರ ಸೊನ್ನೆಗೆ ಮಾರಿದ ಲೆಕ್ಕ. ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಕೊನೆಯ ಬೆಲೆಗೆ ಮಾರಿದೆ ಅಂತ ಬರೆದುಕೊಂಡರೆ ಅದು ನಿಜ ಆಗುವುದಿಲ್ಲ.

ದಾವಣಗೆರೆ_ಟ್ರೇಡರ್

ಎಲ್ಲರಿಗೂ ವರದಿ. ಹೊಸ ಡೇಟಾಬೇಸ್ ಮಾಡಿದೆ. ಪೈಥಾನ್‌ನಲ್ಲಿ ಇಕ್ಯೂ, ಬಿಇ, ಬಿಝಡ್ ಸೋಸಿ, ಎರಡು ಫಾರ್ಮ್ಯಾಟ್ ಫೈಲ್ ಬಳಸಿದೆ. ತಾರೀಖು ನಿಫ್ಟಿ ಜೊತೆ ಹೊಂದುತ್ತಿದೆ. ಲಾಗ್ ತೆರೆದು ನೋಡಿದೆ, ಖಾಲಿ ಇದೆ. ಇನ್ಫೋಸಿಸ್‌ನ ಎರಡು ಚಾರ್ಟ್ ಸೇರಿಸಿ ಬೋನಸ್ಸುಗಳನ್ನೆಲ್ಲ ಸರಿಮಾಡಿದೆ, ಈಗ ಎಲ್ಲೂ ಮುರಿದಿಲ್ಲ. ಬೆಲೆಯ ನಿಯಮ ತೆಗೆದು ವಹಿವಾಟಿನ ಮೊತ್ತ ಹಾಕಿದೆ. ಮೊದಲು ತೋರಿಸುತ್ತಿದ್ದ ಲಾಭದಲ್ಲಿ ಬಹುಪಾಲು ಕರಗಿದೆ. ಉಳಿದ ಷೇರುಗಳ ಕಾರ್ಪೊರೇಟ್ ಆಕ್ಷನ್ ಇನ್ನೂ ಬಾಕಿ.

ಮಹೀಂದ್ರದ ಒಂದು ಪ್ರಶ್ನೆ. ಭಾವ್‌ಕಾಪಿಯಿಂದ ಸರಿಯಾಗಿ ಬಂದಿದೆ, ಆದರೆ ಕಾರ್ಪೊರೇಟ್ ಆಕ್ಷನ್ ಇಳಿಸುವ ಸ್ಕ್ರಿಪ್ಟ್ ಆ ಷೇರಿಗೆ ಖಾಲಿ ಉತ್ತರ ಕೊಡುತ್ತಿದೆ.

ಪೈಥಾನ್_ಪ್ರಿಯ

ಎಂ&ಎಂ ಅನ್ನುವ ಸಿಂಬಲ್‌ನಲ್ಲಿರುವ ಆಂಪರ್‌ಸ್ಯಾಂಡ್ (&) ಗುರುತು ಕಾರಣ. ವೆಬ್ ವಿಳಾಸದಲ್ಲಿ ಆ ಗುರುತಿಗೆ ಬೇರೆ ಅರ್ಥ ಇದೆ, ಹಾಗಾಗಿ ಸರ್ವರ್ ಎಂ ಅಂತ ಮಾತ್ರ ಓದುತ್ತದೆ. ಅದರ ಬದಲು ಪರ್ಸೆಂಟ್ ಗುರುತು ಹಾಕಿ 26 ಅಂತ ಕಳಿಸಿ. ಮಹೀಂದ್ರ ಫೈನಾನ್ಸ್, ಜಮ್ಮು ಕಾಶ್ಮೀರ ಬ್ಯಾಂಕಿಗೂ ಹೀಗೇ ಮಾಡಬೇಕು.

ಹುಬ್ಬಳ್ಳಿ_ಹೂಡಿಕೆ

ಮುಂದೆ ಒಂದು ನಿಮಿಷದ ಡೇಟಾ ಹಾಕಬೇಕಂದ್ರ ಏನೇನು ನೋಡಬೇಕ್ರಿ?

ತುಮಕೂರು_ಟಿಕ್

ದಿನಕ್ಕೆ 375 ಕ್ಯಾಂಡಲ್ ಇರಬೇಕು, 9:15ರಿಂದ 3:30. ಮೊದಲನೆಯದು 3:45 ಅಂತ ಕಂಡರೆ ಅದು ಯುಟಿಸಿ, ಐದೂವರೆ ಗಂಟೆ ಸೇರಿಸಿ. 2010ರ ಅಕ್ಟೋಬರ್ 18ಕ್ಕೆ ಮೊದಲಿನ ಡೇಟಾ ಇದ್ದರೆ ಶುರುವಾಗುವ ಸಮಯವೇ ಬೇರೆ. 3:30ರ ಆಚೆಗಿನದನ್ನು ಕಣ್ಣುಮುಚ್ಚಿ ಕತ್ತರಿಸಬೇಡಿ. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ 11:40ಕ್ಕೆ ನಿಂತು 3:45ಕ್ಕೆ ಮತ್ತೆ ಶುರುವಾಗಿ 5ರ ತನಕ ನಡೆಯಿತು.

ಟೈಮ್‌ಸ್ಟ್ಯಾಂಪ್ ಕ್ಯಾಂಡಲ್ ಶುರುವಾದ ಸಮಯವೋ ಮುಗಿದ ಸಮಯವೋ ಅಂತ ಡೇಟಾ ಕೊಟ್ಟವರ ಹತ್ತಿರ ಕೇಳಿ. 9:15 ಅಂತ ಬರೆದಿರುವ ಕ್ಯಾಂಡಲಿನ ಕ್ಲೋಸ್ ಗೊತ್ತಾಗುವುದು 9:16ಕ್ಕೆ. ಅದನ್ನು ನೋಡಿ 9:15ಕ್ಕೇ ಕೊಂಡ ಹಾಗೆ ಸಿಸ್ಟಂ ಬರೆದಿದ್ದರೆ ಫಲಿತಾಂಶ ಪೂರ್ತಿ ಸುಳ್ಳು. ಅಮಿಬ್ರೋಕರ್‌ನ ಪ್ರಿಫರೆನ್ಸಸ್‌ನಲ್ಲಿ ಇಂಟ್ರಾಡೇ ಅನ್ನುವ ಪುಟದಲ್ಲಿ ಇದರ ಆಯ್ಕೆ ಇದೆ, ಡೇಟಾ ಹಾಕುವ ಮೊದಲೇ ನೋಡಿಕೊಳ್ಳಿ.